ಅಪಾಯಜ್ಞರು

ದೂರಪ್ರಯಾಣಕ್ಕೆ ಹೊರಡುವವರು ವಾರಶೂಲೆ ರಾಹುಕಾಲಗಳನ್ನು ವಿಚಾರಿಸಿಕೊಂಡು, ಬೆಕ್ಕು ಅಡ್ಡ ಬಾರದ ಹೊತ್ತು ನೋಡಿ ಹೊಸಲು ದಾಟುತ್ತಿದ್ದ ಕಾಲ ಮುಗಿದುಹೋಯಿತೆಂದು ಯಾರಾದರೂ ಭಾವಿಸಿದ್ದ ಪಕ್ಷದಲ್ಲಿ, ಅಂಥವರು ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಒಂದನ್ನು ಹೊಕ್ಕು, ಪರದೇಶಪ್ರಯಾಣದ ಅಪಾಯಗಳನ್ನು ಅಳೆದು ಸುರಿಯುವುದನ್ನೇ ವೃತ್ತಿಯಾಗಿ ಉಳ್ಳ ಮಹನೀಯರನ್ನು ಒಮ್ಮೆ ಸಂದರ್ಶಿಸತಕ್ಕದ್ದು. ಕಂಪನಿಯ ಕಾಗದಪತ್ರಗಳಲ್ಲಿ ಇವರ ಹುದ್ದೆ ಟ್ರಾವೆಲ್ ರಿಸ್ಕ್ ಮ್ಯಾನೇಜರ್ ಎಂದಿರುತ್ತದೆ. ನಾವು ಈ ಲೇಖನದ ಮಟ್ಟಿಗೆ ಅಪಾಯಜ್ಞರೆಂದು ಕರೆಯೋಣ.

ಅಪಾಯಜ್ಞರು ಬಹುಮಟ್ಟಿಗೆ ಸೈನ್ಯದಿಂದಲೋ ಪೊಲೀಸ್ ಇಲಾಖೆಯಿಂದಲೋ ನಿವೃತ್ತರಾಗಿ ಬಂದವರು. ಮೀಸೆ ಅಲ್ಲಿಯದು, ಟೈ ಇಲ್ಲಿಯದು. ಯಾವ ಕೊಠಡಿಯನ್ನು ಹೊಕ್ಕರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆಗೆ ಮುಖ ಮಾಡಿ ಕುಳಿತುಕೊಳ್ಳುವುದು ಅವರ ನಿತ್ಯವ್ರತ. ಮದುವೆಯ ಛತ್ರಕ್ಕೆ ಹೋದರೆ ವಧೂವರರಿಗಿಂತ ಮುಂಚೆ ಹಿಂಬಾಗಿಲನ್ನು ನೋಡಿಕೊಂಡು ಬರುವರು; ಅಲ್ಲಿ ತರಕಾರಿಯ ಮೂಟೆಗಳನ್ನು ಅಡ್ಡ ಇಟ್ಟಿದ್ದರಂತೂ ಹೆಣ್ಣಿನ ತಂದೆಯನ್ನು ಪಕ್ಕಕ್ಕೆ ಕರೆದು, ಧಾರೆಯ ಮುಹೂರ್ತ ಮೀರುತ್ತಿದ್ದರೂ ಲೆಕ್ಕಿಸದೆ, ಬೆಂಕಿ ಅನಾಹುತದ ವಿಷಯವಾಗಿ ಎರಡು ಮಾತು ಹೇಳದೆ ಬಿಡುವವರಲ್ಲ. ಚೆನ್ನಾಗಿದ್ದೀರಾ ಎಂದು ಯಾರಾದರೂ ಕೇಳಿದರೆ ‘ಸದ್ಯಕ್ಕೆ’ ಎಂದು ಉತ್ತರ ಕೊಡುವರು.

ಇಂಥವರ ಪ್ರತಿಭೆ ಪೂರ್ಣವಾಗಿ ಅರಳಬೇಕಾದರೆ ಕಂಪನಿಗೆ ಲಾಗೋಸಿನಂಥ ಊರಿನಲ್ಲಿ ಒಂದು ಕೆಲಸ ಸಿಕ್ಕಬೇಕು. ಅಲ್ಲಿಯ ಬ್ಯಾಂಕೊಂದಕ್ಕೆ ತಂತ್ರಾಂಶ ಅಳವಡಿಸಿ ಬರಲು ತರುಣ ಇಂಜಿನಿಯರೊಬ್ಬನನ್ನು ಕಳಿಸುವುದೆಂದು ನಿಶ್ಚಯವಾದೊಡನೆ, ಪ್ರಯಾಣದ ಅಪಾಯನಿರ್ವಹಣೆಗೆಂದೇ 2021ರಲ್ಲಿ ಹೊರಬಂದ ಐಎಸ್‌ಒ 31030 ಎಂಬ ಮಾರ್ಗಸೂಚಿಯನ್ನು ಎದುರಿಗಿಟ್ಟುಕೊಂಡು, ಅಪಾಯಜ್ಞರು ನೈಜೀರಿಯಾದ ಜಾತಕವನ್ನು ಬರೆಯಲು ಕೂರುವರು. ಈ ಜಾತಕಕ್ಕೆ ಹನ್ನೆರಡು ಮನೆಗಳಲ್ಲ, ಇಪ್ಪತ್ತೈದು. ಕೇಡು ಸಂಭವಿಸುವ ಸಾಧ್ಯತೆಗೆ ಒಂದರಿಂದ ಐದರವರೆಗೆ ಒಂದು ಅಂಕ, ಸಂಭವಿಸಿದರೆ ಆಗುವ ಹಾನಿಗೆ ಅಷ್ಟರಲ್ಲೇ ಇನ್ನೊಂದು. ಎರಡನ್ನೂ ಗುಣಿಸಿದಾಗ ಬರುವ ಫಲವನ್ನು ಅನುಸರಿಸಿ ಮನೆಗೆ ಹಸಿರು, ಹಳದಿ, ಕಿತ್ತಳೆ ಅಥವಾ ಕೆಂಪು ಬಣ್ಣ. ಈಶಾನ್ಯದ ಬೋರ್ನೋ ರಾಜ್ಯದ ಬೊಕೊ ಹರಾಮ್ ಬಂಡುಕೋರರು, ವಾಯವ್ಯದಲ್ಲಿ ಹಣಕ್ಕಾಗಿ ಜನರನ್ನು ಹೊತ್ತೊಯ್ಯುವ ಡಕಾಯಿತರು, ದಕ್ಷಿಣದಲ್ಲಿ ನೈಜರ್ ನದಿಯ ಮುಖಜಭೂಮಿಯ ಅಪಹರಣಕಾರರು, 1969ರಲ್ಲಿ ಮೊದಲು ಗುರುತಿಸಲ್ಪಟ್ಟು ಇಲಿಗಳಿಂದ ಹರಡುವ ಲಾಸಾ ಜ್ವರ, ಅಲ್ಲಿಯ ದಂಡಸಂಹಿತೆಯ 419ನೆಯ ಕಲಮಿನ ಹೆಸರಿನಿಂದಲೇ ಲೋಕವಿಖ್ಯಾತವಾದ ಮೋಸ, ಇವೆಲ್ಲವೂ ಒಂದೊಂದು ಮನೆಯಲ್ಲಿ ವಕ್ರಗತಿಯಿಂದ ಸ್ಥಿತವಾಗುವುವು. ಆ ದೇಶ ನಮ್ಮ ಕರ್ನಾಟಕದ ಹೆಚ್ಚುಕಡಮೆ ಐದರಷ್ಟು ವಿಸ್ತಾರವುಳ್ಳದ್ದೆಂಬುದೂ, ಹುಡುಗ ಹೋಗುವುದು ಲಾಗೋಸಿನ ವಿಕ್ಟೋರಿಯಾ ದ್ವೀಪದ ಬ್ಯಾಂಕಿಗೆ, ಉಳಿಯುವುದು ಅದರ ಮಗ್ಗುಲಿನ ಹೋಟೆಲಿನಲ್ಲಿ ಎಂಬುದೂ ಗಣಿತಕ್ಕೆ ಸಂಬಂಧಪಡದ ವಿಚಾರಗಳು.

ಗುಣಾಕಾರದಲ್ಲಿ ಒಂದು ಚಮತ್ಕಾರವುಂಟು. ಬೋರ್ನೋದ ಬಂಡುಕೋರರಿಗೆ ಮೂರು ಗುಣಿಸು ಐದು, ಹದಿನೈದು ಬಂದು ಕೆಂಪು ಬಣ್ಣ ಪ್ರಾಪ್ತವಾಯಿತು. ಮಲೇರಿಯಾ ಸೊಳ್ಳೆಗೆ, ಹೇಗಿದ್ದರೂ ಮಾತ್ರೆ ಇದೆಯಲ್ಲ ಎಂಬ ಕಾರಣದಿಂದ, ನಾಲ್ಕು ಗುಣಿಸು ಮೂರು, ಹನ್ನೆರಡೇ ಬಂದು ಕಿತ್ತಳೆ. ಜಗತ್ತಿನ ಮಲೇರಿಯಾ ರೋಗಿಗಳಲ್ಲಿ ನಾಲ್ವರಿಗೊಬ್ಬರು ಈ ಒಂದೇ ದೇಶದವರು. ಆದರೂ ಕೆಂಪು ವಿಷಯಗಳು ವರದಿಯ ಆದಿಭಾಗವನ್ನೆಲ್ಲ ಆಕ್ರಮಿಸಿದ್ದರಿಂದ ಸೊಳ್ಳೆಗೆ ದೊರೆತದ್ದು ಅನುಬಂಧದಲ್ಲಿ ಒಂದು ಮೂಲೆ.

ಹೊರಡುವ ಮುನ್ನ ಯಾತ್ರಿಕನಿಗೆ ಉಪದೇಶವಾಗುವ ಪ್ರಸಂಗ ನೋಡತಕ್ಕದ್ದು. ಅಪಹರಣವಾದರೆ, ಒತ್ತೆ ಸಿಕ್ಕಿದವನು ಬದುಕಿದ್ದಾನೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲು, ಅವನೊಬ್ಬನೇ ಉತ್ತರಿಸಬಲ್ಲ ಪ್ರಶ್ನೆಯೊಂದನ್ನು ಮೊದಲೇ ಬರೆಸಿಟ್ಟುಕೊಳ್ಳುವ ಪದ್ಧತಿ ಈ ವೃತ್ತಿಯಲ್ಲಿ ಉಂಟು. ಅಪಾಯಜ್ಞರು ಕಿಟಕಿಯ ಪರದೆ ಇಳಿಸಿ, ಧ್ವನಿ ತಗ್ಗಿಸಿ ಕೇಳುವರು:

“ಚಿಕ್ಕಂದಿನಲ್ಲಿ ನಿಮ್ಮ ಅಜ್ಜಿ ನಿಮ್ಮನ್ನ ಏನಂತ ಕರೀತಿದ್ರಪ್ಪ?”

“ಪುಟ್ಟ ಅಂತ, ಸಾರ್.”

“ಪುಟ್ಟ ನಡೆಯೋದಿಲ್ಲ. ಹಳೇ ಮೈಸೂರಿನಲ್ಲಿ ಕಣ್ಣು ಮುಚ್ಚಿಕೊಂಡು ಕಲ್ಲೆಸೆದರೆ ಯಾರೋ ಒಬ್ಬ ಪುಟ್ಟನಿಗೇ ತಗಲೋದು. ಬೇರೆ ಯಾರಾದರೂ ಬೇರೆ ಏನಾದರೂ ಕರೀತಿದ್ರಾ?”

“ತಾತ ಪುಟ್ಟಸ್ವಾಮಿ ಅಂತಿದ್ರು, ಸಾರ್.”

ಅಪಾಯಜ್ಞರು ದೀರ್ಘವಾಗಿ ಆಲೋಚಿಸಿ, ‘ಪುಟ್ಟಸ್ವಾಮಿ’ ಎಂದು ಬರೆದು, ಲಕೋಟೆಗೆ ಅಂಟು ಹಚ್ಚಿ, ಅದರ ಮೇಲೆ ‘ಅತ್ಯಂತ ಗೋಪ್ಯ’ ಎಂಬ ಮೊಹರನ್ನು ಒತ್ತುವರು.

ಇದಕ್ಕಿಂತಲೂ ಗಹನವಾದದ್ದು ಅಪಹರಣ ವಿಮೆ. ಇಂಥ ವಿಮೆ ಇದೆಯೆಂಬ ಸುದ್ದಿ ಹೊರಬಿದ್ದರೆ ಅಪಹರಣಕಾರರಿಗೆ ಆಹ್ವಾನಪತ್ರಿಕೆ ಕಳಿಸಿದ ಹಾಗಾದೀತೆಂಬ ಭಯದಿಂದ, ವಿಷಯವನ್ನು ಗುಟ್ಟಾಗಿಡಬೇಕೆಂಬ ನಿಬಂಧನೆ ಈ ಒಪ್ಪಂದಗಳಲ್ಲಿ ಸಾಮಾನ್ಯ. ವಿಮೆಗೆ ಒಳಪಟ್ಟವನಿಗೂ ಅದು ತಿಳಿಯದಿರುವುದೇ ಮೇಲು. ಹೀಗಾಗಿ ಅಪಾಯಜ್ಞರು ಹುಡುಗನ ಎದುರಿಗೆ, ಹೇಳಲೂ ಆರದೆ ಹೇಳದೆ ಇರಲೂ ಆರದೆ, ತುಟಿಯನ್ನು ಒಳಕ್ಕೆ ಎಳೆದುಕೊಂಡು, “ಕಂಪನಿ ನಿಮ್ಮನ್ನ ಕೈಬಿಡೋದಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ” ಎಂದು ಭುಜ ತಟ್ಟುವರು. ಅದುವರೆಗೆ ಧೈರ್ಯವಾಗಿಯೇ ಇದ್ದ ಹುಡುಗ ಆ ಕ್ಷಣದಿಂದ ನಿದ್ರೆ ಕೆಡುವನು.

ನ್ಯಾಯವಾಗಿ ಹೇಳಬೇಕಾದರೆ ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಅವರ ಕಟ್ಟುನಿಟ್ಟು ಶ್ಲಾಘ್ಯವಾದದ್ದು. ಸೂಜಿ ಚುಚ್ಚಿಸಿಕೊಂಡು ಹತ್ತು ದಿನ ಕಳೆದಲ್ಲದೆ ಆ ಹಳದಿ ಪುಸ್ತಿಕೆಗೆ ಬೆಲೆಯಿಲ್ಲ. ಕಳೆದ ಮೇಲೆ, 2016ರಿಂದ ಈಚೆಗೆ, ಅದು ಜೀವಮಾನಪರ್ಯಂತ ಸಲ್ಲುತ್ತದೆ. ಈ ರೋಗ ನಮ್ಮ ದೇಶದಲ್ಲಿಲ್ಲ, ಆದರೆ ಹರಡಬಲ್ಲ ಸೊಳ್ಳೆ, ಅಂದರೆ ಡೆಂಗೆಯನ್ನು ಹಂಚುವ ಅದೇ ಸೊಳ್ಳೆ, ನಮ್ಮ ಹೂಕುಂಡದ ತಟ್ಟೆಯಲ್ಲೇ ಸಂಸಾರ ಹೂಡಿದೆ; ಆದಕಾರಣ ಪುಸ್ತಿಕೆಯಿಲ್ಲದೆ ಹಿಂತಿರುಗಿದವನನ್ನು ಸರ್ಕಾರ ಆರು ದಿನಗಳವರೆಗೆ ಪ್ರತ್ಯೇಕವಾಗಿ ಕೂಡಿಹಾಕಬಹುದು. ಅಪಾಯಜ್ಞರು ಪುಸ್ತಿಕೆಯ ಮೊಹರನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿಯೇ ಟಿಕೆಟ್ಟಿಗೆ ಒಪ್ಪಿಗೆ ಕೊಡುವರು.

ಹುಡುಗ ಹೋದ, ಕೆಲಸ ಸಾಂಗವಾಗಿ ನಡೆಯಿತು. ಅಷ್ಟರಲ್ಲಿ ಆ ಬ್ಯಾಂಕಿನವರು ತಮ್ಮ ಅಧಿಕಾರಿಗಳಿಬ್ಬರನ್ನು ಬೆಂಗಳೂರಿಗೆ ಕಳಿಸುವುದೆಂದಾಯಿತು. ಬ್ಯಾಂಕಿನಲ್ಲಿಯೂ ಒಬ್ಬ ಅಪಾಯಜ್ಞರಿದ್ದರು. ಅವರು ಸಿದ್ಧಪಡಿಸಿದ ವರದಿಯ ಒಂದು ಪ್ರತಿ ಶಿಷ್ಟಾಚಾರದ ಪ್ರಕಾರ ನಮ್ಮವರ ಮೇಜಿಗೆ ಬಂತು. ಭಾರತದ ರಸ್ತೆಗಳಲ್ಲಿ 2022ನೆಯ ವರ್ಷವೊಂದರಲ್ಲೇ ಮಡಿದವರು 1,68,491 ಮಂದಿ, ಜಗತ್ತಿನಲ್ಲಿ ಹುಚ್ಚುನಾಯಿಯ ರೋಗದಿಂದ ಸಾಯುವವರಲ್ಲಿ ಸುಮಾರು ಮೂರನೆಯ ಒಂದು ಭಾಗ ಈ ದೇಶದವರು, ಮಳೆಗಾಲದಲ್ಲಿ ಡೆಂಗೆ, 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ ಮುಳುಗಿ, ತಂತ್ರಜ್ಞರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು, ಕರ್ನಾಟಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇಂದಿಗೂ ಜನರನ್ನು ಬಲಿ ತೆಗೆದುಕೊಳ್ಳುತ್ತಿದೆ. ಬಣ್ಣ, ಕಿತ್ತಳೆ. ಸಲಹೆ: ರಾತ್ರಿ ರಸ್ತೆಯಲ್ಲಿ ಪ್ರಯಾಣ ಬೇಡ, ನಾಯಿಗಳನ್ನು ಮುದ್ದಿಸುವುದು ಬೇಡ, ಮಂಗಗಳ ಸಹವಾಸ ಬೇಡವೇ ಬೇಡ.

ಪರದೇಶಗಳಿಗೆ ಕೆಂಪು ಬಳಿಯುವುದರಲ್ಲಿ ಸಿದ್ಧಹಸ್ತರಾದ ನಮ್ಮ ಅಪಾಯಜ್ಞರಿಗೆ ತಮ್ಮ ಊರು ಕಿತ್ತಳೆಯಾದದ್ದನ್ನು ಕಂಡು ಉಕ್ಕಿದ ದೇಶಾಭಿಮಾನ ಅಷ್ಟಿಷ್ಟಲ್ಲ. “ಮಂಗನ ಕಾಯಿಲೆ ಇರುವುದು ಮಲೆನಾಡಿನ ಕಾಡುಗಳಲ್ಲಿ; ಸೊರಬ ನಮ್ಮ ಕಚೇರಿಯಿಂದ 300 ಕಿಲೋಮೀಟರಿಗೂ ಆಚೆ ಇದೆ. ಭೂಗೋಳವನ್ನು ಅರಿಯದೆ ಇಂಥ ವರದಿಯನ್ನು ಬರೆಯುವುದು ಉಚಿತವೇ?” ಎಂದು ಅವರು ಖಾರವಾಗಿ ಪತ್ರ ಬರೆದರು. ಲಾಗೋಸಿನಿಂದ ಮರುದಿನವೇ ಸೌಜನ್ಯಪೂರ್ಣವಾದ ಉತ್ತರ ಬಂತು: “ತಮ್ಮ ಮಾತು ಯಥಾರ್ಥ. ಬೋರ್ನೋ ನಮ್ಮ ಕಚೇರಿಯಿಂದ 1,000 ಕಿಲೋಮೀಟರಿಗೂ ಆಚೆ ಇದೆ.” ನಮ್ಮವರು ಅದನ್ನು ಎರಡು ಸಲ ಓದಿ, “ಅದು ಬೇರೆ, ಇದು ಬೇರೆ” ಎಂದು ತೀರ್ಪು ಕೊಟ್ಟು, ಕಡತದೊಳಗೆ ಸೇರಿಸಿದರು.

ಹುಡುಗ ಹಿಂತಿರುಗಿದ. ಅವನ ವಿಮಾನ ದೇವನಹಳ್ಳಿಯಲ್ಲಿ ಇಳಿದೊಡನೆ ಅಪಾಯಜ್ಞರು ‘ಯಾತ್ರೆ ಸುಕ್ಷೇಮವಾಗಿ ಮುಕ್ತಾಯ’ ಎಂದು ಬರೆದು ಕಡತ ಮುಚ್ಚಿದರು. ಅವನೂ ಅದೇ ದಿನ ಮಲೇರಿಯಾ ಮಾತ್ರೆಯ ಡಬ್ಬಿ ಮುಚ್ಚಿದ. ಅಟೊವಾಕ್ವೋನ್-ಪ್ರೊಗ್ವಾನಿಲ್ ಮಾತ್ರೆಯನ್ನು ಹಿಂತಿರುಗಿದ ಮೇಲೂ ಏಳು ದಿನ ನುಂಗತಕ್ಕದ್ದೆಂಬ ವಾಕ್ಯವಿದ್ದದ್ದು ಅನುಬಂಧದ ಆ ಮೂಲೆಯಲ್ಲಿ. ಬಂಡುಕೋರರನ್ನೂ ಡಕಾಯಿತರನ್ನೂ ದಾಟಿ ಅಲ್ಲಿಯವರೆಗೆ ಓದಿಕೊಂಡು ಹೋದ ಯಾತ್ರಿಕ ಇನ್ನೂ ಹುಟ್ಟಿಲ್ಲ. ಕೆಲವು ದಿನಗಳಲ್ಲಿ ಚಳಿಜ್ವರ ಬಂತು. ಡೆಂಗೆಯ ಕಾಲವಾದ್ದರಿಂದ ವೈದ್ಯರು ಡೆಂಗೆಯ ಪರೀಕ್ಷೆಗೆ ಚೀಟಿ ಬರೆಯುತ್ತಿದ್ದಾಗ, ಪಕ್ಕದಲ್ಲಿ ನಿಂತಿದ್ದ ಅವನ ತಾಯಿ, “ಡಾಕ್ಟ್ರೇ, ಮೊನ್ನೆ ತಾನೇ ಆಫ್ರಿಕಾದಿಂದ ಬಂದಿದ್ದಾನೆ, ಅಲ್ಲಿ ಸೊಳ್ಳೆ ಜಾಸ್ತಿಯಂತೆ” ಎಂದರು. ಚೀಟಿ ಬದಲಾಯಿತು, ರಕ್ತದಲ್ಲಿ ಫಾಲ್ಸಿಪಾರಮ್ ಮಲೇರಿಯಾ ಕಂಡಿತು, ಹೊತ್ತು ಮೀರದೆ ಚಿಕಿತ್ಸೆಯಾಯಿತು.

ಅಪಾಯಜ್ಞರು ಸುಮ್ಮನೆ ಕೂರಲಿಲ್ಲ. ತಮ್ಮ ಪಟ್ಟಿಗೆ ‘ಹಿಂತಿರುಗಿದ ನಂತರದ ಜ್ವರ’ ಎಂಬ ಹೊಸ ಸಾಲನ್ನು ಸೇರಿಸಿ, ಐದು ಗುಣಿಸು ಐದು ಇಪ್ಪತ್ತೈದು ಅಂಕ ಕೊಟ್ಟು, ಕಡುಗೆಂಪು ಬಳಿದರು. ಈಗ ಸಿಂಗಪುರದಿಂದ ಹಿಂತಿರುಗಿದವರೂ ನಾಲ್ಕು ವಾರ ತಮ್ಮ ಮೈಬಿಸಿಯನ್ನು ಪ್ರತಿನಿತ್ಯ ಬರೆದು ಕೊಡಬೇಕಾಗಿದೆ. ಏನಾದರೂ ಆದರೆ ‘ನಾನು ಹೇಳಿರಲಿಲ್ಲವೇ?’ ಎನ್ನುವ ಹಕ್ಕನ್ನು ಕಾಯ್ದಿರಿಸಿಕೊಳ್ಳುವುದೇ ಅವರ ಜೀವಿತೋದ್ದೇಶವಾದ್ದರಿಂದ, ಎಲ್ಲವನ್ನೂ ಹೇಳಿಬಿಡುವುದು ಅವರಿಗೆ ಕ್ಷೇಮ. ಆದರೆ ಎಲ್ಲಕ್ಕೂ ಸಮನಾಗಿ ಹೆದರಿಸಲ್ಪಟ್ಟ ಮನುಷ್ಯನು ಯಾವುದಕ್ಕೂ ಹೆದರದೆ ಉಳಿಯುವನೆಂಬುದು ಅವರಿಗೆ ಹೊಳೆದಿಲ್ಲ.

ಅಂಥ ದೇಶಗಳಿಗೆ ಹೋಗುವ ಓದುಗರಿದ್ದರೆ ಅವರಲ್ಲಿ ವಿಜ್ಞಾಪನೆ ಇಷ್ಟೇ: ವರದಿಯನ್ನು ಓದದಿದ್ದರೂ ಚಿಂತೆಯಿಲ್ಲ, ಹಗಲಿನಲ್ಲೇ ಊರು ಸೇರುವಂಥ ವಿಮಾನ ಹಿಡಿಯಿರಿ, ಕಾರಿನಲ್ಲಿ ಪಟ್ಟಿ ಬಿಗಿದುಕೊಳ್ಳಿ, ಸೊಳ್ಳೆಪರದೆಯೊಳಗೆ ಮಲಗಿ, ಮಾತ್ರೆಯನ್ನು ವೈದ್ಯರು ಹೇಳಿದ ಕೊನೆಯ ದಿನದವರೆಗೂ ನುಂಗಿ, ಮತ್ತು ಹಿಂತಿರುಗಿದ ಮೇಲೆ, ವಾರವಾಗಲಿ, ತಿಂಗಳಾಗಲಿ, ಮೈ ಬಿಸಿಯಾದ ಕೂಡಲೆ ವೈದ್ಯರ ಬಳಿಗೆ ಹೋಗಿ, ಹೊಟ್ಟೆನೋವು ತಲೆನೋವುಗಳ ವರ್ಣನೆಗೆ ತೊಡಗುವ ಮೊದಲು, ಎಲ್ಲಿಂದ ಬಂದಿದ್ದೀರೆಂದು ಹೇಳಿ.