ಇಂಚು ಎಷ್ಟಾದ್ರೇನು, ಚಾಳೀಸು ಬಿಡತ್ತಾ?

ಭಾವಮೈದ 32 ಇಂಚಿನ ಮಾನಿಟರ್ ತಂದ, ಅದಕ್ಕೇ ತಾನೆ ನಿಮಗೂ ಈಗ ದೊಡ್ಡದು ಬೇಕಾಗಿರೋದು? ಇಲ್ಲ ಅನ್ಬೇಡಿ. ‘ವರ್ಕ್ ಫ್ರಂ ಹೋಂ ಅಲ್ವಾ, ಕಣ್ಣಿಗೆ ಸ್ಟ್ರೈನು’ ಅಂತ ಮನೇಲಿ ಪೀಠಿಕೆ ಹಾಕಿದ್ದೂ ಗೊತ್ತು. (ಕಣ್ಣಿನ ಮೇಲೆ ಅಷ್ಟು ಅಕ್ಕರೆ ಇದ್ದಿದ್ರೆ ಮಧ್ಯರಾತ್ರಿವರೆಗೆ ಮೊಬೈಲಲ್ಲಿ ರೀಲ್ಸ್ ತಳ್ತಾ ಕೂರ್ತಿದ್ರಾ?)

ಆಯ್ತು, ನಡೀರಿ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ. ಅಲ್ಲಿ ಇಂಚು ಕೇಳ್ತೀರಿ, ರೇಟು ಕೇಳ್ತೀರಿ, ಐನೂರು ಬಿಡಿ ಅಂತ ಗೋಗರೀತೀರಿ. ರೆಸಲ್ಯೂಷನ್? ಅಂಗಡಿಯವನು ‘ಫುಲ್ ಎಚ್‌ಡಿ ಸಾರ್’ ಅಂದ್ರೆ ಮುಗೀತು, ಆ ‘ಫುಲ್’ ಕೇಳಿಯೇ ನಿಮಗೆ ಹೊಟ್ಟೆ ತುಂಬಿಹೋಗತ್ತೆ.

ಫುಲ್ ಎಚ್‌ಡಿ ಅಂದ್ರೆ ಅಡ್ಡಕ್ಕೆ 1920, ಉದ್ದಕ್ಕೆ 1080. ಒಟ್ಟು 20 ಲಕ್ಷ ಚಿಲ್ಲರೆ ಚುಕ್ಕಿ. 24 ಇಂಚಿನ ಪರದೆಯಲ್ಲೂ ಅಷ್ಟೇ, 27 ಇಂಚಿನದರಲ್ಲೂ ಅಷ್ಟೇ! ಒಂದೇ ಸೌಟು ಹಿಟ್ಟನ್ನ ದೊಡ್ಡ ಕಾವಲಿ ತುಂಬ ಎಳೆದ್ರೆ ದೋಸೆ ಏನಾಗತ್ತೆ, ನೀವೇ ಹೇಳಿ. 24ರಲ್ಲಿ ಇಂಚಿಗೆ 92 ಚುಕ್ಕಿ ಬಿದ್ರೆ, 27ರಲ್ಲಿ 82ಕ್ಕೆ ಇಳಿಯತ್ತೆ. (ಅಂದಹಾಗೆ ಆ 27 ಅನ್ನೋದು ಮೂಲೆಯಿಂದ ಮೂಲೆಗೆ. ಅಗಲ ಬರೀ 23.5 ಇಂಚು. ಇದನ್ನ ಭಾವಮೈದನಿಗೆ ಹೇಳ್ಬೇಡಿ, ಪಾಪ.)

ಇಂಗ್ಲಿಷ್ ಅಕ್ಷರ ಹೇಗೋ ತಡ್ಕೊಳ್ಳತ್ತೆ. ನಮ್ಮ ಕನ್ನಡದ ಪಾಡು ನೋಡಿ. ‘ಲಕ್ಷ್ಮಿ’ಗೆ ಕೆಳಗೆ ಎರಡು ಒತ್ತು, ‘ಸ್ವಾತಂತ್ರ್ಯ’ಕ್ಕೂ ಬಾಲದಲ್ಲಿ ಎರಡು. ‘ದ’ಕ್ಕೂ ‘ಧ’ಕ್ಕೂ ಇರೋ ವ್ಯತ್ಯಾಸ ಕೆಳಗಿನ ಒಂದು ಸೀಳು. ಚುಕ್ಕಿ ಸಾಲದೇ ಹೋದ್ರೆ ಆ ಸೀಳು ಮಸಿಯಾಗಿ, ‘ಧನಸಹಾಯ’ದ ಅರ್ಜಿ ದನಸಹಾಯದ್ದಾಗಿ ಕಾಣತ್ತೆ. ಕನ್ನಡ ಓದಿ ಬರೆಯೋರು ಚುಕ್ಕಿಯಲ್ಲಿ ಜಿಪುಣತನ ಮಾಡ್ಬಾರ್ದು, ಇದು ನನ್ನ ಪಕ್ಷ.

ಅದಕ್ಕೇ 24 ಇಂಚಿಗೆ ಫುಲ್ ಎಚ್‌ಡಿ ನಡೆಯತ್ತೆ. 27 ಬೇಕೇ ಬೇಕು ಅಂದ್ರೆ 2560 ಬೈ 1440 ಕೇಳಿ, ಕ್ಯೂಎಚ್‌ಡಿ ಅಂತಾರಲ್ಲ, ಅದು. ಇಂಚಿಗೆ 109 ಚುಕ್ಕಿ. ದುಡ್ಡು ಇದೆಯಾ, 4ಕೆ ತಗೊಳ್ಳಿ, 83 ಲಕ್ಷ ಚುಕ್ಕಿ.

ತಂದಾಯ್ತು, ಜೋಡಿಸಾಯ್ತು. ಆಮೇಲೆ ಶುರು ನಿಮ್ಮ ಗೋಳು: ‘ಅಯ್ಯೋ, ಮಾನಿಟರ್ ದೊಡ್ಡದಾಯ್ತು, ಅಕ್ಷರ ಸಣ್ಣದಾಯ್ತು!’ ಆಗದೆ ಏನು? ಚುಕ್ಕಿ ಒತ್ತೊತ್ತಾದಷ್ಟೂ ಅಕ್ಷರ ಕುಗ್ಗತ್ತೆ. 27 ಇಂಚಿನ 4ಕೆಯನ್ನ 100 ಪರ್ಸೆಂಟ್ ಸ್ಕೇಲಲ್ಲಿ ಇಟ್ರೆ, ಹಳೇ 24ರಲ್ಲಿದ್ದ ಅಕ್ಷರದ ಅರ್ಧಕ್ಕಿಂತ ತುಸು ದೊಡ್ಡದು ಅಷ್ಟೇ. ಸಕ್ಕರೆ ಡಬ್ಬಕ್ಕೆ ಇರುವೆ ಸಾಲು!

ಈಗ ಹತ್ತಿರ ಬನ್ನಿ, ಮೆಲ್ಲಗೆ ಕೇಳ್ತೀನಿ. ನಿಮಗೆ ನಲವತ್ತು ದಾಟ್ತು ತಾನೆ? ಔಷಧಿ ಚೀಟಿಯನ್ನ ಕೈ ಚಾಚಿ ದೂರ ಹಿಡಿದು ಓದ್ತೀರಿ ತಾನೆ? ಅದರ ಹೆಸರು ಚಾಳೀಸು. ಡಿಸ್‌ಪ್ಲೇ ಸೆಟ್ಟಿಂಗ್ಸಿಗೆ ಹೋಗಿ ಸ್ಕೇಲನ್ನ 150 ಮಾಡಿದ್ರೆ ಅಕ್ಷರ ದುಂಡಗೆ, ಚೊಕ್ಕವಾಗಿ ನಿಲ್ಲತ್ತೆ. ಆದ್ರೆ ನೀವು ಮಾಡಲ್ಲ! ‘ಅದೆಲ್ಲ ವಯಸ್ಸಾದವರಿಗೆ’ ಅಂತ ಮೂತಿಯನ್ನ ಪರದೆಗೆ ತಾಗಿಸಿಕೊಂಡು ಕೂರ್ತೀರಿ.

ಇನ್ನೂ ಕೆಲವರು ಮಹಾನುಭಾವರು ಸ್ಕೇಲ್ ಮುಟ್ಟಲ್ಲ, ರೆಸಲ್ಯೂಷನ್ನನ್ನೇ ಇಳಿಸಿಬಿಡ್ತಾರೆ. ಅಕ್ಷರ ದೊಡ್ಡದೇನೋ ಆಗತ್ತೆ, ಜೊತೆಗೆ ಮಂಜು ಮಂಜು. 83 ಲಕ್ಷಕ್ಕೆ ದುಡ್ಡು ಕೊಟ್ಟು 20 ಲಕ್ಷ ಬಳಸೋ ಧಾರಾಳಿಗಳು! (ತಲೆ ತಗ್ಗಿಸ್ಬೇಡಿ, ನಿಮ್ಮ ಹೆಸರು ಹೇಳಿಲ್ಲ.)

ಮತ್ತೆ ಮೇಜು? ಅಳೆದ್ರಾ? ಕಣ್ಣಿಗೂ ಪರದೆಗೂ 50ರಿಂದ 100 ಸೆಂಟಿಮೀಟರ್ ದೂರ ಇರ್ಬೇಕು, ಅಂದಾಜು ಒಂದೂವರೆ ಮೊಳ. (ಹೂ ಮಾರೋರ ಮೊಳ ಅಲ್ಲ, ನಿಮ್ಮದೇ ಮೊಳ.) ಮಗಳ ಸ್ಟಡಿ ಟೇಬಲ್ಲು ಒಂದೂವರೆ ಅಡಿ ಆಳ ಇಲ್ಲ, ಅದರ ಮೇಲೆ 32 ಇಂಚು ಕೂರಿಸ್ತೀರಾ? ಎಕ್ಸೆಲ್ಲಿನ ಎಡಗಡೆ ಕಾಲಂ ನೋಡೋಕೆ ಒಮ್ಮೆ, ಬಲಗಡೆಗೆ ಒಮ್ಮೆ, ದಿನವಿಡೀ ಕತ್ತು ಆಡಿಸ್ತಾ ಕೂರಿ.

ಟಿವಿ ಥರ ಗೋಡೆಗೆ ಎತ್ತರಕ್ಕೆ ಹೊಡೆಯೋ ಆಸೆ ಇದ್ರೆ ಅದನ್ನೂ ಬಿಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರ್ಲಿ. ಬೈಫೋಕಲ್ ಕನ್ನಡಕದವರಾದ್ರೆ ಇನ್ನೂ ಒಂದಿಷ್ಟು ಇಳಿಸಿ. ಇಲ್ದಿದ್ರೆ ಕೆಳಗಿನ ಗಾಜಲ್ಲಿ ಓದೋಕೆ ಗಲ್ಲ ಮೇಲೆತ್ತಿ, ಮೀಟಿಂಗಲ್ಲಿ ಎಲ್ಲರಿಗೂ ನಿಮ್ಮ ಮೂಗಿನ ಹೊಳ್ಳೆ ದರ್ಶನ ಮಾಡಿಸ್ತೀರಿ.

ಇನ್ನು, ಕೊಳ್ಳೋ ಮುಂಚೆ ಅಂಗಡಿಯವನು ಬಣ್ಣದ ಮೀನು ಈಜೋ ವಿಡಿಯೊ ಹಾಕ್ತಾನೆ. ಬಾಯಿ ಬಿಟ್ಕೊಂಡು ನಿಲ್ಬೇಡಿ, ನಿಮ್ಮ ಆಫೀಸಲ್ಲಿ ಮೀನು ಸಾಕ್ತಾರಾ? ಪೆನ್‌ಡ್ರೈವಲ್ಲಿ ನಿಮ್ಮ ದರಿದ್ರ ಎಕ್ಸೆಲ್ಲು, ಒಂದು ಕನ್ನಡ ಪಿಡಿಎಫ್ಫು ಒಯ್ದು ತೆರೆಸಿ. ಕುರ್ಚಿ ಕೇಳಿ, ಒಂದೂವರೆ ಮೊಳ ದೂರದಲ್ಲಿ ಕೂತು ಓದಿ. ಅವನು ಗೊಣಗಿದ್ರೆ ಗೊಣಗ್ಲಿ.

ಸ್ಕೇಲ್ ಮಾತ್ರ ಮನೆಗೆ ಬಂದ ಮೇಲೆ ಹಾಕ್ಕೊಳ್ಳಿ, ಬಾಗಿಲು ಮುಚ್ಕೊಂಡು. ಆಫೀಸಿನ ಹುಡುಗರು ಯಾರಾದ್ರೂ ಬಂದು ‘ಏನ್ ಸಾರ್, ಇಷ್ಟು ದಪ್ಪ ಅಕ್ಷರ?’ ಅಂದ್ರೆ, ಅಪ್ಪ ಪೇಪರ್ ಓದ್ತಾರೆ ಅಂದ್ಬಿಡಿ.