ಮಲ್ಲಿಯ ಮುಹೂರ್ತ

ನಮ್ಮ ನಾಯಿ ಮಲ್ಲಿ ಮರಿಯಾಗಿದ್ದಾಗ ನಮಗೆ ಸಿಕ್ಕಿದ್ದು ಪುಣೆಯ ಜಂಗಲಿ ಮಹಾರಾಜ ರಸ್ತೆಯಲ್ಲಿ, ಪಾತಾಳೇಶ್ವರ ಗುಡಿಯ ಹೊರಗೆ. ಕಲ್ಲು ಕೊರೆದು ಮಾಡಿದ ಆ ಗುಡಿ ಎಂಟನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಹಾಗಾಗಿ ಈಕೆ ಹುಟ್ಟಾ ಕನ್ನಡತಿ ಎಂಬುದು ನನ್ನ ವಾದ. ನಾವಿರುವ ಶಿವಾಜಿನಗರದಲ್ಲಿ, ಮರಾಠಿಗರ ನಡುವೆ, ಇದನ್ನು ಸ್ವಲ್ಪ ದನಿ ತಗ್ಗಿಸಿಯೇ ಮಂಡಿಸುತ್ತೇನೆ.

ಐದು ತಿಂಗಳು ತುಂಬಿತು. ಮರಿಯಾಗದಂತೆ ಮಾಡಿಸುವ ಆಪರೇಷನ್ ಯಾವಾಗ ಎಂಬ ಪ್ರಶ್ನೆ ಎದ್ದಿತು.

"ಒಂದ್ ಸಲನಾದ್ರೂ ತಾಯಿ ಆಗ್ಲಿ ಬಿಡೋ, ಪಾಪ" ಎಂದಳು ಧಾರವಾಡದಿಂದ ಬಂದಿದ್ದ ಅವ್ವ. 63 ದಿನಕ್ಕೆ ಆರೇಳು ಮರಿ ಹಾಕಿದರೆ ಸಾಕುವವರು ಯಾರು ಎಂದೆ. "ನಿಮ್ಮ ನಾಲ್ಕೂ ಮಂದೀನ ನಾ ಹಡೆದಾಗ ನಿಮ್ಮಪ್ಪ ಹಿಂಗ ಕೇಳಿದ್ರೇನು?" ಎಂದು ನನ್ನ ಬಾಯಿ ಮುಚ್ಚಿಸಿದಳು. ಮೇಲಿನ ಮನೆಯ ಆಜಿ ಇಳಿದು ಬಂದು "ಪಾಪ ಲಾಗೇಲ್" ಎಂದರು. ಅವ್ವನ 'ಪಾಪ' ಮರುಕದ್ದು, ಆಜಿಯ 'ಪಾಪ' ನರಕದ್ದು. ಇಬ್ಬರೂ ಒಂದೇ ಮಾತು ಆಡಿದೆವೆಂದು ಖುಷಿಪಟ್ಟು ಚಹಾ ಕುಡಿದರು.

ಪಶುವೈದ್ಯರಿಗೆ ಸಂಶಯವೇ ಇರಲಿಲ್ಲ: ಮೊದಲ ಬೆದೆಗೆ ಮುಂಚೆ ಮಾಡಿಸಿ. ಯಾಕೆಂದರೆ, 1969ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಲೆಕ್ಕ. ಮಾಡಿಸದೆ ಬಿಟ್ಟ ನಾಯಿಗೆ ಮೊಲೆಗಡ್ಡೆಯ ಅಪಾಯ ನೂರು ಎಂದಿಟ್ಟುಕೊಂಡರೆ, ಬೆದೆಗೆ ಮೊದಲೇ ಮಾಡಿಸಿದ್ದಕ್ಕೆ ಅದು 0.5, ಒಂದು ಬೆದೆ ಕಳೆದರೆ 8, ಎರಡು ಕಳೆದರೆ 26. ಗರ್ಭಕೋಶದಲ್ಲಿ ಕೀವು ತುಂಬಿ ಪ್ರಾಣಕ್ಕೇ ಬರುವ ರೋಗವೂ ತಪ್ಪುತ್ತದೆ. ಅಲ್ಲಿಗೇ ದಿನ ಗೊತ್ತುಮಾಡಿಕೊಂಡು ಏಳಬೇಕಿತ್ತು. ಆದರೆ ನನಗೆ ಓದುವ ಚಟ. 1969ರ ಆ ಲೆಕ್ಕಕ್ಕೆ ಆಧಾರ ಸಾಲದೆಂದು 2012ರಲ್ಲಿ ಇಂಗ್ಲೆಂಡಿನವರು ತಕರಾರು ತೆಗೆದಿದ್ದರು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಭಾವಮೈದುನ 2013ರ ಇನ್ನೊಂದು ಅಧ್ಯಯನ ಕಳಿಸಿದ: ವರ್ಷ ತುಂಬುವ ಮೊದಲೇ ಮಾಡಿಸಿದ ಗೋಲ್ಡನ್ ರಿಟ್ರೀವರ್‌ಗಳಿಗೆ ಕೀಲುಗಳ ತೊಂದರೆ ಹೆಚ್ಚಂತೆ. ನಮ್ಮದು ಗೋಲ್ಡನ್ ಅಲ್ಲ ಮಾರಾಯ, ಬೆಲ್ಲದ ಬಣ್ಣದ ಬೀದಿ ತಳಿ, ಬೆಳೆದರೂ ಹದಿನಾಲ್ಕು ಕಿಲೋ ಎಂದೆ. ಎಂದೆನಾದರೂ ಅನುಮಾನ ಒಳಗೆ ಹೊಕ್ಕಿತ್ತು. ಮುಂದಿನ ತಿಂಗಳು ನೋಡೋಣ ಎಂದೆವು. ಇಂಥ ಮುಂದೂಡಿಕೆಯ ಗತಿ ಗೊತ್ತೇ ಇದೆ: ಶಿವಾಜಿನಗರದ ಎಸ್‌ಟಿ ಬಸ್ ಸ್ಟ್ಯಾಂಡನ್ನು ಮೆಟ್ರೊಗೋಸ್ಕರ ವಾಕಡೇವಾಡಿಗೆ ಸಾಗಿಸಿದ್ದೂ 'ಸದ್ಯಕ್ಕೆ' ಎಂದೇ.

ಎಂಟನೇ ತಿಂಗಳಲ್ಲಿ ಮಲ್ಲಿ ನಮ್ಮ ಯಾರ ಅಭಿಪ್ರಾಯವನ್ನೂ ಕೇಳದೆ ಬೆದೆಗೆ ಬಂದಳು.

ಮರುದಿನವೇ ಗೇಟಿನ ಹೊರಗೆ ಸ್ವಯಂವರ. ಮಾಡೆಲ್ ಕಾಲೊನಿಯಿಂದ ಒಂದು ಡುಮ್ಮ, ಘೋಲೆ ರಸ್ತೆಯಿಂದ ಎರಡು ಕುಂಟ, ಕಾಂಗ್ರೆಸ್ ಹೌಸ್ ಕಡೆಯಿಂದ ಹಿರಿಯ ಮುಖಂಡನಂಥ ಒಂದು ಮುದಿ ನಾಯಿ. ಪುಣೆಯ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲೆಳೆದು ಮಲಗುತ್ತವೆಂಬುದು ಲೋಕವಿಖ್ಯಾತ. ಈ ವರಗಳಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಮೂರನೆಯ ದಿನ ಸೊಸೈಟಿಯ ಸೆಕ್ರೆಟರಿ ಗೇಟಿಗೆ ಅಪ್ಪಟ ಪುಣೇರಿ ಪಾಟಿ ತೂಗುಹಾಕಿದರು: "ಗಂಡುನಾಯಿಗಳಿಗೆ ಪ್ರವೇಶವಿಲ್ಲ. ಓದಲು ಬಾರದವರು ಮಾಲೀಕರಿಂದ ಓದಿಸಿಕೊಳ್ಳತಕ್ಕದ್ದು." ಬೀದಿಗೆ ಬಿದ್ದವಕ್ಕೆ ಮಾಲೀಕರೆಲ್ಲಿಯವರು? ಮೂರು ವಾರ ನಾನು ಒಂದು ಕೈಯಲ್ಲಿ ಬೆಲ್ಟು, ಇನ್ನೊಂದರಲ್ಲಿ ಕೋಲು ಹಿಡಿದು ಅಂತಃಪುರದ ಕಾವಲುಗಾರನಾಗಿ ತಿರುಗಿದೆ.

"ಈಗಲೇ ಮಾಡಿಬಿಡಿ" ಎಂದು ಡಾಕ್ಟರ ಕೈಹಿಡಿದೆ. ಬೆದೆಯ ಹೊತ್ತಿನಲ್ಲಿ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ, ರಕ್ತ ಹೆಚ್ಚು ಹೋಗುತ್ತದೆ, ಎರಡು ಮೂರು ತಿಂಗಳು ತಡೆಯಿರಿ ಎಂದರು. ಆ ಬಿಡುವಿನಲ್ಲಿ ಅವ್ವ ಪಂಚಾಂಗ ತೆಗೆದಳು. ಸ್ವಯಂವರ ಕಣ್ಣಾರೆ ಕಂಡಮೇಲೆ ಅವಳ ತಾಯ್ತನದ ವಾದ ತಣ್ಣಗಾಗಿತ್ತು. ಅಮಾವಾಸ್ಯೆ ಬೇಡ, ಮಂಗಳವಾರ ಬೇಡ. ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕೆಂದು ತಿಳಿದೊಡನೆ ಅವಳ ಮುಖ ಅರಳಿತು. "ಏಕಾದಶಿ ಉಪಾಸ ಮಾಡ್ಸಿ ದ್ವಾದಶಿ ದಿನ ಒಯ್ಯೋಣ. ಪಾರಣಿ ಸಂಜೀಗಿ."

ದ್ವಾದಶಿಯಂದೇ ಆಯಿತು. ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆದರು. ಹೊಲಿಗೆ ನೆಕ್ಕದಿರಲೆಂದು ಕೊರಳಿಗೆ ದೊಡ್ಡ ಆಲಿಕೆ ತೊಡಿಸಿ ಕಳಿಸಿದರು. ಎಚ್‌ಎಂವಿ ರೆಕಾರ್ಡಿನ ನಾಯಿ ಕುತೂಹಲ ತಡೆಯದೆ ಗ್ರಾಮಫೋನಿನೊಳಗೇ ತಲೆ ತೂರಿಸಿದಂತಿತ್ತು. ಹತ್ತು ದಿನ ಮನೆಯ ಪ್ರತಿ ಬಾಗಿಲಿಗೂ ಆಲಿಕೆ ಬಡಿದು ತನ್ನ ಬರವನ್ನು ಸಾರಿದಳು. ಹನ್ನೊಂದನೆಯ ದಿನ ಹೊಲಿಗೆ ಬಿಚ್ಚಿದರು.

ಇನ್ನು ಮೈ ಬೇಗ ಬರುತ್ತದೆ, ಊಟ ಕಡಿಮೆ ಮಾಡಿ, ಹದಿನಾಲ್ಕು ಕಿಲೋ ದಾಟಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಮಲ್ಲಿ ಈಗ ಹದಿನಾರು. ಮೇಲಿನ ಎರಡು ಕಿಲೋ ಅವ್ವನ ಚಪಾತಿ.