ಅಪ್‌ಗ್ರೇಡೋತ್ತರ ದೋಷಮೀಮಾಂಸೆ

ಫ್ರೇಮ್‌ವರ್ಕಿನ ಜೀರ್ಣೋದ್ಧಾರವಾದ ಮರುದಿನ, ನಿನ್ನೆಯವರೆಗೆ ಕೇಳಿದ್ದನ್ನೆಲ್ಲ ಮರುಮಾತಿಲ್ಲದೆ ಕೊಡುತ್ತಿದ್ದ ವೆಬ್ ಎಪಿಐ ಇದ್ದಕ್ಕಿದ್ದಂತೆ 400, 500 ಎಂಬ ಅಂಕಿಗಳನ್ನಷ್ಟೇ ಉಚ್ಚರಿಸತೊಡಗುವುದೇಕೆಂಬ ಪ್ರಶ್ನೆಗೆ, ಡೆವಲಪರುಗಳು ಪರಂಪರಾಗತವಾಗಿ ಕೊಡುತ್ತ ಬಂದಿರುವ ಉತ್ತರವು "ನಾವು ಏನನ್ನೂ ಮುಟ್ಟಿಲ್ಲ" ಎಂಬುದು. ಮ್ಯಾನೇಜರುಗಳು ಈ ಆರ್ಷವಾಕ್ಯವನ್ನು ನೆಪವೆಂದು ಹಳಿಯುವರಾದರೂ, ಪ್ರಸ್ತುತ ಪ್ರಬಂಧಕಾರನು ಇದನ್ನು ಅಕ್ಷರಶಃ ಸತ್ಯವೆಂದೂ, ಮುಟ್ಟದೆ ಬಿಟ್ಟದ್ದೇ ಸಕಲ ದೋಷಗಳಿಗೂ ಮೂಲವೆಂದೂ ಪ್ರತಿಪಾದಿಸುತ್ತಾನೆ.

ನಿದರ್ಶನಾರ್ಥವಾಗಿ, 2019ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಹೊರತಂದ ಎಎಸ್‌ಪಿ ಡಾಟ್‌ನೆಟ್ ಕೋರ್ 3.0 ಆವೃತ್ತಿಯನ್ನು ಪರಿಶೀಲಿಸೋಣ. ಹಿಂದಿನ 2.2ರಲ್ಲಿ ಜೆಸನ್ನಿನ ಕಾರ್ಯಭಾರವನ್ನು ನಿರ್ವಹಿಸುತ್ತಿದ್ದ ನ್ಯೂಟನ್‌ಸಾಫ್ಟ್ ಲೈಬ್ರರಿಯು ಪರಮ ಉದಾರಿ. ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು "5" ಎಂದು ಕಳುಹಿದರೂ ಅದು ಐದೆಂದೇ ಗ್ರಹಿಸಿ, ಕಳುಹಿದವನ ಮಾನ ಕಾಯುತ್ತಿತ್ತು. 3.0ರಲ್ಲಿ ಆ ಪೀಠವನ್ನೇರಿದ ಸಿಸ್ಟಂ ಟೆಕ್ಸ್ಟ್ ಜೆಸನ್ ವೇಗದಲ್ಲಿ ಮಿಗಿಲಾದರೂ ಆಚಾರದಲ್ಲಿ ಮಡಿವಂತನಾದುದರಿಂದ, ಉದ್ಧರಣ ಚಿಹ್ನೆಯ ಮೈಲಿಗೆ ತಗುಲಿದ ಸಂಖ್ಯೆಯನ್ನು 400 ಎಂದು ಗದರಿ ಹೊಸ್ತಿಲಿನಿಂದಲೇ ಹಿಂದಿರುಗಿಸತೊಡಗಿತು. (ಮರುವರ್ಷದ 5.0ರಲ್ಲಿ ಈ ಮಡಿ ತಾನಾಗಿಯೇ ಸಡಿಲವಾಯಿತೆಂಬುದನ್ನು, ಅಷ್ಟರೊಳಗೆ ತಮ್ಮ ಕೋಡನ್ನೆಲ್ಲ ಶುದ್ಧಿಗೊಳಿಸಿಕೊಂಡಿದ್ದವರ ಮುಂದೆ ಹೇಳದಿರುವುದು ಲೇಸು.)

ಇದರ ಪರಿಹಾರದಲ್ಲಿ ಎರಡು ಪಂಥಗಳುಂಟು. 'ಆಡ್ ನ್ಯೂಟನ್‌ಸಾಫ್ಟ್ ಜೆಸನ್' ಎಂಬ ಒಂದೇ ಸಾಲನ್ನು ಬರೆದು ಹಳೆಯ ಯಜಮಾನನನ್ನು ಮರಳಿ ಕರೆತರಬೇಕೆನ್ನುವವರು ಪೂರ್ವಪಕ್ಷಿಗಳು. ಹೊಸಬನ ಆಚಾರಕ್ಕನುಗುಣವಾಗಿ ಪ್ರತಿಯೊಂದು ಕ್ಲಾಸನ್ನೂ ತಿದ್ದಬೇಕೆನ್ನುವವರು ಸಿದ್ಧಾಂತಿಗಳು. ಶುಕ್ರವಾರ ಸಂಜೆಯಾದೊಡನೆ ಸಿದ್ಧಾಂತಿಗಳೆಲ್ಲರೂ ಪೂರ್ವಪಕ್ಷಕ್ಕೆ ಮತಾಂತರ ಹೊಂದುವರು.

ರೂಟಿಂಗ್ ಮತ್ತು ಎಂಡ್‌ಪಾಯಿಂಟುಗಳ ನಡುವೆಯೇ ಆಥರೈಸೇಶನ್ ಬರಬೇಕೆಂಬ ಹೊಸ ನಿಯಮದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಅದನ್ನು ಮೀರಿದವರಿಗೆ ಎರರ್ ಸಂದೇಶವೇ ತಪ್ಪನ್ನು ಬಿಡಿಸಿ ಹೇಳುತ್ತದೆ. ತನ್ನ ಕಾರಣವನ್ನು ತಾನೇ ಅರುಹುವ ದೋಷಕ್ಕೆ ಮೀಮಾಂಸೆಯ ಹಂಗೇಕೆ?

ದೋಷಶಿರೋಮಣಿಯೆನಿಸತಕ್ಕುದು ಪ್ರತ್ಯಯಲೋಪ. ಲೋಪಸಂಧಿಯನ್ನು ವಿವರಿಸಿದ ಕೇಶಿರಾಜನಿಗೆ ಈ ಲೋಪವನ್ನು ಕಾಣುವ ಯೋಗವಿರಲಿಲ್ಲ. ಕಂಟ್ರೋಲರಿನಲ್ಲಿ 'ಗೆಟ್ಅಸಿಂಕ್' ಎಂದು ಬರೆದ ಕ್ರಿಯೆಯ ಹೆಸರಿನಿಂದ 'ಅಸಿಂಕ್' ಎಂಬ ಅಂತ್ಯವನ್ನು 3.0 ಸದ್ದಿಲ್ಲದೆ ಕತ್ತರಿಸಿಬಿಡುತ್ತದೆ. ಕಂಪೈಲರಿಗೆ ಕಾಣುವುದು ಪೂರ್ಣನಾಮವಾದುದರಿಂದ ಅದು ನಿರಾತಂಕವಾಗಿ ಸಮ್ಮತಿ ನೀಡುತ್ತದೆ. ತದನಂತರ ಗ್ರಾಹಕನೊಬ್ಬನ ಆರ್ಡರು ಬಂದು, ಡೇಟಾಬೇಸಿನಲ್ಲಿ ವಿಧ್ಯುಕ್ತವಾಗಿ ದಾಖಲಾಗಿ, ಇನ್ನೇನು 201 ಎಂಬ ಶುಭವಾರ್ತೆಯನ್ನು ಹೊಸ ದಾಖಲೆಯ ವಿಳಾಸಸಮೇತ ಕಳುಹಬೇಕೆನ್ನುವಾಗ, ಆ ವಿಳಾಸವನ್ನು ರಚಿಸಲು ಪೂರ್ಣನಾಮದ ಕ್ರಿಯೆಯನ್ನು ಅರಸಿದ ಫ್ರೇಮ್‌ವರ್ಕು, ತಾನೇ ಕತ್ತರಿಸಿದುದರ ಅರಿವಿಲ್ಲದೆ, ಅಂಥ ರೂಟೇ ಇಲ್ಲವೆಂದು ಘೋಷಿಸಿ 500ನ್ನು ಕಳುಹುತ್ತದೆ. ಕಾರ್ಯ ಸಿದ್ಧಿಸಿದೆ; ವಾರ್ತೆ ಮಾತ್ರ ಅಶುಭ. ಗ್ರಾಹಕನು ಸಹಜವಾಗಿಯೇ ಪುನಃ ಒತ್ತುತ್ತಾನೆ.

'ಸಪ್ರೆಸ್ ಅಸಿಂಕ್ ಸಫಿಕ್ಸ್ ಇನ್ ಆ್ಯಕ್ಷನ್ ನೇಮ್ಸ್' ಎಂಬ ಷೋಡಶೋಪಚಾರದಷ್ಟು ದೀರ್ಘವಾದ ಆಯ್ಕೆಗೆ 'ಫಾಲ್ಸ್' ಎಂದು ಬರೆದಲ್ಲಿ ಈ ದೋಷ ನಿವಾರಣೆಯಾಗುತ್ತದೆ. ಅಷ್ಟರಲ್ಲಿ ಸಂಗ್ರಹವಾಗಿರುವ ಅವಳಿ ತ್ರಿವಳಿ ಆರ್ಡರುಗಳನ್ನು ಅಳಿಸತಕ್ಕವರು ಯಾರೆಂಬುದು ಡೆವಲಪರಿಗೂ ಡೇಟಾಬೇಸಿನ ಮೇಲ್ವಿಚಾರಕನಿಗೂ ನಡುವಣ ವ್ಯಾಜ್ಯವಾದುದರಿಂದ, ಪ್ರಬಂಧಕಾರನು ಅಲ್ಲಿಗೆ ಕಾಲಿಡುವುದಿಲ್ಲ.